ಟಿವಿಯವರ ‘ನಮ್ಮ’

2025ರ ಮೇ 3ನೇ ತಾರೀಕು, ಶನಿವಾರ ರಾತ್ರಿ, ನಮ್ಮ ಮನೆಯಲ್ಲಿ ಒಂದೇ ಪಂದ್ಯ ಎರಡು ಸಲ ನಡೆಯಿತು. ಹಜಾರದ ಟಿವಿಯಲ್ಲಿ ತಮಿಳು, ನನ್ನ ಕೈಯ ಫೋನಿನಲ್ಲಿ ಕನ್ನಡ. ಬೆಂಗಳೂರಿನ ಚಿನ್ನಸ್ವಾಮಿ ಮೈದಾನದಲ್ಲಿ ಆರ್‌ಸಿಬಿಗೂ ಚೆನ್ನೈಗೂ ಆಟ. ಫೋನಿಗೆ ಬರುವ ಚಿತ್ರ ಟಿವಿಗಿಂತ ಸ್ವಲ್ಪ ಹಿಂದೆ ಇರುತ್ತಲ್ಲ, ಹಾಗಾಗಿ ಒಂದೊಂದು ಚೆಂಡೂ ಎರಡೆರಡು ಸಲ ಬಿತ್ತು. ಮೊದಲು ಟಿವಿಯಲ್ಲಿ ತಮಿಳಿನ ದುಃಖ, ಅದು ಮುಗಿಯೋ ಹೊತ್ತಿಗೆ ಫೋನಿನಲ್ಲಿ ಕನ್ನಡದ ಸಂತೋಷ. ಇಲ್ಲಾ ಅಲ್ಲಿ ಕುಣಿತ, ಇಲ್ಲಿ ಮೌನ. “ಎರಡರಲ್ಲಿ ಒಂದಾದ್ರೂ ನಿಲ್ಸಿ, ಸಾವಿನ ಮನೇಲಿ ಮದುವೆ ವಾಲಗ ಊದಿದಂಗಿದೆ” ಅಂತ ಅಡುಗೆಮನೆಯಿಂದ ಕೂಗು ಬಂತು. ನಿಲ್ಲಿಸಲಿಲ್ಲ. ಟಿವಿಯಲ್ಲಿ ಆಟದ ಮಾತಾಡುವವರು ಒಂದು ಕಡೆಗೆ ವಾಲುತ್ತಾರೆ ಅಂತ ನಾನು ಬಹಳ ದಿನದಿಂದ ಹೇಳುತ್ತಿದ್ದೆ. ಅವತ್ತು ಸಾಕ್ಷಿ ಹಿಡಿಯಬೇಕು ಅಂತಲೇ ಕೂತಿದ್ದೆ.

ಸಾಕ್ಷಿ ಸಿಕ್ಕಿತು ಅಂದುಕೊಂಡೆ. ಬೆಂಗಳೂರು 213 ಹೊಡೆದಿತ್ತು. ಚೆನ್ನೈ ಬೆನ್ನು ಹತ್ತಿತ್ತು. ಆಯುಷ್ ಮ್ಹಾತ್ರೆ ಅನ್ನೋ ಹುಡುಗ 94ಕ್ಕೆ ಔಟಾದ. ಮರು ಎಸೆತದಲ್ಲೇ ಲುಂಗಿ ಎನ್‌ಗಿಡಿಯ ಚೆಂಡು ಹೊಸದಾಗಿ ಬಂದ ಬ್ರೆವಿಸ್ ಕಾಲಿಗೆ ಬಿತ್ತು. ಅಂಪೈರ್ ಬೆರಳೆತ್ತಿದರು. ಬ್ರೆವಿಸ್ಸೂ ಜಡೇಜಾನೂ ಅದರ ಕಡೆ ಗಮನವಿಲ್ಲದೆ ರನ್ ಓಡುತ್ತಿದ್ದರು. ಓಡಿ ನಿಂತು ಮೂರನೇ ಅಂಪೈರ್ ನೋಡಲಿ ಅಂತ ಕೇಳುವಷ್ಟರಲ್ಲಿ ಅದಕ್ಕಿದ್ದ 15 ಸೆಕೆಂಡು ಮುಗಿದಿತ್ತು. ಕೊಡಲಿಲ್ಲ. ಆಮೇಲೆ ಪರದೆಯ ಮೇಲೆ ನೋಡಿದರೆ ಚೆಂಡು ಸ್ಟಂಪಿಗೆ ತಾಗದೆ ಲೆಗ್ ಕಡೆ ಹೋಗುತ್ತಿತ್ತು. ಚೆನ್ನೈ ಸೋತಿದ್ದು ಬರೀ 2 ರನ್ನಿನಿಂದ. ಹೊಟ್ಟೆ ಉರಿಯದೆ ಇರುತ್ತಾ?

ಮಾರನೇ ದಿನ ಬೆಳಿಗ್ಗೆ ವಾಚನಾಲಯದ ಜಗಲಿ ಮೇಲೆ ನಾನು ಘೋಷಿಸಿದೆ: “ತಮಿಳಿನೋರು ರಾತ್ರಿಯೆಲ್ಲ ಅನ್ಯಾಯ ಅನ್ಯಾಯ ಅಂದ್ರೇ ಹೊರತು, 15 ಸೆಕೆಂಡ್ ಮುಗಿದಿತ್ತು ಅನ್ನೋ ನಿಯಮ ಒಬ್ಬನೂ ಹೇಳಲಿಲ್ಲ.” ಈ ಪುಸ್ತಕಕ್ಕೆ ಕೊಡಬೇಕು ಅಂತ ಅದನ್ನೇ ಒಂದು ಪುಟ ಬರೆದೂ ಇಟ್ಟೆ. ನನ್ನ ಅಕ್ಕನ ಮಗ ಕಾಲೇಜು ಓದುವವನು, ಮನೆಯಲ್ಲಿ ನಮ್ಮ ಹಾಗೇ ಕನ್ನಡ ಮಾತಾಡುವವನು, ಮೈಮೇಲೆ ಮಾತ್ರ ಚೆನ್ನೈನ ಹಳದಿ ಅಂಗಿ. ಅವನು ಬರೆದದ್ದನ್ನ ಓದಿ ಏನೂ ಹೇಳದೆ ಫೋನ್ ತೆಗೆದ. ಪೂರಾ ಪಂದ್ಯ ಮತ್ತೆ ನೋಡೋಕೆ ಆಗುತ್ತಲ್ಲ ಈಗ. ತಮಿಳಿಗೆ ಹಾಕಿ, ಆ ಚೆಂಡಿಗೆ ಬಂದು, ಕಿವಿ ಹತ್ತಿರ ಹಿಡಿದ. ನಿಯಮ ಹೇಳಿದ್ದರು. ಒಂದು ಸಲ ಅಲ್ಲ, ಬಿಡಿಸಿ ಹೇಳಿದ್ದರು. “ಕೇಳಿಸ್ತಾ ಮಾಮ?” ಅಂದ. ಕೇಳಿಸಿತು. ಅವತ್ತು ರಾತ್ರಿ ಯಾಕೆ ಕೇಳಿಸಲಿಲ್ಲ ಅಂದರೆ, ಅದೇ ಗಳಿಗೆಯಲ್ಲಿ ನಾನು ಟಿವಿಗೆ ಎದುರಾಗಿ ನಿಂತು ಕಿರುಚುತ್ತಿದ್ದೆ.

ಆ ಪುಟ ಹರಿದು ಹಾಕಿದೆ. ಈಗ ನೀವು ಓದುತ್ತಿರುವುದು ಅದರ ಜಾಗದಲ್ಲಿ ಬರೆದದ್ದು.

ಮೇಷ್ಟ್ರುಗಳಿಗೆ ಒಂದು ಹಳೇ ಸಂಗತಿ ಹೇಳಬೇಕು, ಮಕ್ಕಳಿಗೆ ಪಾಠ ಮಾಡುವಾಗ ಬೇಕಾಗಬಹುದು. ಅಮೆರಿಕದಲ್ಲಿ 1951ರ ನವೆಂಬರಿನಲ್ಲಿ ಡಾರ್ಟ್‌ಮತ್, ಪ್ರಿನ್ಸ್‌ಟನ್ ಅನ್ನೋ ಎರಡು ಕಾಲೇಜುಗಳ ನಡುವೆ ಅವರ ಥರದ ಫುಟ್‌ಬಾಲ್ ಪಂದ್ಯ ನಡೆಯಿತು. ಒರಟು ಆಟ. ಒಬ್ಬನ ಮೂಗು ಮುರಿಯಿತು, ಇನ್ನೊಬ್ಬನ ಕಾಲು. ಆಮೇಲೆ ಹೇಸ್ಟಾರ್ಫ್, ಕ್ಯಾಂಟ್ರಿಲ್ ಅನ್ನೋ ಇಬ್ಬರು ಮನಶ್ಶಾಸ್ತ್ರದ ಪಂಡಿತರು ಆ ಪಂದ್ಯದ ಸಿನಿಮಾ ರೀಲನ್ನ ಎರಡೂ ಕಾಲೇಜಿನ ಹುಡುಗರಿಗೆ ತೋರಿಸಿ, ಯಾರು ಎಷ್ಟು ತಪ್ಪು ಮಾಡಿದರು ಎಣಿಸಿ ಅಂದರು. ಡಾರ್ಟ್‌ಮತ್ ತಂಡ ಮಾಡಿದ ತಪ್ಪುಗಳು ಡಾರ್ಟ್‌ಮತ್ ಹುಡುಗರ ಕಣ್ಣಿಗೆ ಎಷ್ಟು ಕಂಡವೋ, ಪ್ರಿನ್ಸ್‌ಟನ್ ಹುಡುಗರಿಗೆ ಅದರ ಎರಡರಷ್ಟಕ್ಕಿಂತ ಹೆಚ್ಚು ಕಂಡವು. ರೀಲ್ ಒಂದೇ. 1954ರಲ್ಲಿ ಅವರು ಇದನ್ನ ಅಚ್ಚು ಹಾಕಿಸಿದರು. ಅದೇ ಅಮೆರಿಕದಲ್ಲಿ ಕಾಲೇಜು ಬ್ಯಾಸ್ಕೆಟ್‌ಬಾಲನ್ನ ಟಿವಿಯಲ್ಲಿ ವಿವರಿಸುವ ಡಿಕ್ ವಿಟಾಲ್ ಅನ್ನೋರು ಡ್ಯೂಕ್ ಅನ್ನೋ ಕಾಲೇಜಿನ ಕಡೆ ಅಂತ ಬೇರೆ ಕಾಲೇಜಿನೋರು ‘ಡ್ಯೂಕಿ ವಿ’ ಅಂತ ಅಡ್ಡಹೆಸರೇ ಇಟ್ಟಿದ್ದಾರೆ. ಅಂದರೆ ಈ ಜಗಳ ಪಲ್ಲಡಂ ಟೀ ಅಂಗಡಿಯಲ್ಲಿ ಹುಟ್ಟಿದ್ದಲ್ಲ.

ದೂರ ಯಾಕೆ ಹೋಗಬೇಕು, ನಮ್ಮದೇ ಲೆಕ್ಕ ನೋಡಿ. ಅದರ ಹಿಂದಿನ ವರ್ಷ, 2024ರ ಮೇ 18, ಅದೇ ಮೈದಾನ, ಅದೇ ಎರಡು ತಂಡ. ರಜತ್ ಪಾಟೀದಾರ್ ನೇರ ಹೊಡೆದ ಚೆಂಡು ಬೌಲರ್ ಸ್ಯಾಂಟ್ನರ್ ಬೆರಳಿಗೆ ಸವರಿ ಆ ಕಡೆಯ ಸ್ಟಂಪಿಗೆ ಬಡಿಯಿತು. ಅಲ್ಲಿ ನಿಂತಿದ್ದ ಬೆಂಗಳೂರಿನ ನಾಯಕ ಫಾಫ್ ಡು ಪ್ಲೆಸಿಸ್ 54ಕ್ಕೆ ರನೌಟ್ ಅಂದರು. ಅವನ ಬ್ಯಾಟು ನೆಲಕ್ಕೆ ತಾಗಿತ್ತೋ ಗಾಳಿಯಲ್ಲಿತ್ತೋ ಅಂತ ನಾನು ಒಂದು ತಿಂಗಳು ವಾದ ಮಾಡಿದೆ. ಆಗ ಇದೇ ಅಕ್ಕನ ಮಗ “ಅಂಪೈರ್ ಹೇಳಿದ್ಮೇಲೆ ಮುಗೀತು ಮಾಮ” ಅಂದಿದ್ದ. ಮುಂದಿನ ವರ್ಷ ಬ್ರೆವಿಸ್ ವಿಷಯದಲ್ಲಿ ನಾನು “ಅಂಪೈರ್ ಹೇಳಿದ್ಮೇಲೆ ಮುಗೀತು” ಅಂದೆ, ಅವನು ತಿಂಗಳುಗಟ್ಟಲೆ ವಾದ ಮಾಡಿದ. ಸದ್ಯ, ಆ 2024ರ ಪಂದ್ಯ 27 ರನ್ನಿನಿಂದ ಬೆಂಗಳೂರು ಗೆದ್ದಿತ್ತು. ಇಲ್ಲದಿದ್ದರೆ ನಾನು ಇವತ್ತಿಗೂ ಬಿಡುತ್ತಿರಲಿಲ್ಲ.

ಹಾಗಾದರೆ ವಾಲುವಿಕೆ ಎಲ್ಲಾ ನಮ್ಮ ಕಿವಿಯಲ್ಲೇ, ಟಿವಿಯವರು ತಕ್ಕಡಿ ಹಿಡಿದ ಧರ್ಮರಾಯರು ಅಂತ ಅರ್ಥವಾ? ಅದನ್ನ ನಾನು ಒಪ್ಪೋದಿಲ್ಲ. ಹರಿದ ಪುಟದ ಚೂರುಗಳನ್ನ ಇಟ್ಟುಕೊಂಡು ಯೋಚಿಸಿದ ಮೇಲೂ ಒಂದು ಉಳಿಯಿತು. ಅವರು ಸುಳ್ಳು ಹೇಳೋದಿಲ್ಲ. ಹೇಳೋಕೂ ಆಗಲ್ಲ, ಚಿತ್ರ ಎದುರಿಗೇ ಇರುತ್ತೆ. ರೇಡಿಯೋ ಕಾಲದಲ್ಲಿ ಆಕಾಶವಾಣಿಯವರು ಚೆಂಡು ಬೌಂಡರಿ ದಾಟಿತು ಅಂದರೆ ದಾಟಿತು, ನಮಗೆ ಬೇರೆ ಕಣ್ಣಿರಲಿಲ್ಲ. ಟಿವಿಯಲ್ಲಿ ಹಾಗಲ್ಲ. ಅದರಲ್ಲೂ ನಮ್ಮ ಭಾಷೆಗಳಲ್ಲಿ ಮಾತಾಡುವವರು ಹೆಚ್ಚಿನಂಶ ಮೈದಾನಕ್ಕೇ ಹೋಗಿರೋದಿಲ್ಲ. ಮುಂಬೈನ ಸ್ಟುಡಿಯೋದಲ್ಲಿ ಕೂತು, ನಾವು ನೋಡುವ ಚಿತ್ರವನ್ನೇ ನೋಡುತ್ತಾ ಮಾತಾಡುತ್ತಾರೆ. ತಮಿಳಿನೋರು ಒಂದು ಕೋಣೆ, ಕನ್ನಡದೋರು ಇನ್ನೊಂದು ಕೋಣೆ, ಪರದೆ ಮೇಲೆ ಒಂದೇ ಆಟ. ಚಿತ್ರದಲ್ಲಿ ವ್ಯತ್ಯಾಸ ಇಲ್ಲ ಅಂದಮೇಲೆ ವ್ಯತ್ಯಾಸ ಇರೋದು ಬಾಯಿಯಲ್ಲಿ. ಅದೂ ಒಂದು ಸಣ್ಣ ಪದದಲ್ಲಿ ಅಂತ ನನ್ನ ಗುಮಾನಿ.

ಆ ಪದ ‘ನಮ್ಮ’.

ನಮಗೆ ಎರಡೂ ಭಾಷೆ ಬರೋದರಿಂದ ಇದು ಸುಲಭವಾಗಿ ತಿಳಿಯುತ್ತೆ, ಬೆಂಗಳೂರಿನವರಿಗೆ ಸ್ವಲ್ಪ ಬಿಡಿಸಿ ಹೇಳಬೇಕು. ತಮಿಳಿನಲ್ಲಿ ‘ನಮ್ಮ’ ಬೇರೆ, ‘ಎಂಗ’ ಬೇರೆ. ನಿಮ್ಮನ್ನೂ ಸೇರಿಸಿಕೊಂಡು ಹೇಳಿದರೆ ‘ನಮ್ಮ ಊರು’. ನಿಮ್ಮನ್ನ ಹೊರಗಿಟ್ಟು ಹೇಳಿದರೆ ‘ಎಂಗ ಊರು’. ಸಂತೆಯಲ್ಲಿ ಸಿಕ್ಕ ಪರಸ್ಥಳದವನಿಗೆ ‘ಎಂಗ ಊರಿಗೆ ಬನ್ನಿ’ ಅಂತಾರೆ, ಊರಿನವನ ಹತ್ತಿರ ‘ನಮ್ಮ ಊರ ಹಬ್ಬ’ ಅಂತಾರೆ. ಕನ್ನಡದಲ್ಲಿ ಎರಡಕ್ಕೂ ಒಂದೇ ‘ನಮ್ಮ’. ಕೇಳುವವನು ಒಳಗೋ ಹೊರಗೋ ಅಂತ ಅವನೇ ತಿಳಿದುಕೊಳ್ಳಬೇಕು.

ಈಗ ಟಿವಿಯ ಮುಂದೆ ಬನ್ನಿ. ತಮಿಳು ಧ್ವನಿ ಚೆನ್ನೈ ಆಟಗಾರರನ್ನ ‘ನಮ್ಮ ಹುಡುಗರು’ ಅಂದಾಗ ಅದು ‘ಎಂಗ’ ಅಲ್ಲ. ಸೋಫಾ ಮೇಲೆ ಕೂತಿರುವ ನನ್ನನ್ನೂ ಕೇಳದೆ ಕೈಹಿಡಿದು ಒಳಗೆ ಎಳೆದುಕೊಂಡ ‘ನಮ್ಮ’. ಪ್ರೀತಿಯಿಂದಲೇ ಎಳೀತಾರೆ, ಅದು ಬೇರೆ ವಿಷಯ. ಕನ್ನಡ ಧ್ವನಿ ‘ನಮ್ಮ ಹುಡುಗರು’ ಅಂದಾಗ, ನಾನು ಬೆಂಗಳೂರಿನಿಂದ ಇಷ್ಟು ದೂರ ಕೂತವನು, ಇದರಲ್ಲಿ ನಾನು ಇದ್ದೀನಾ ಅಂತ ಒಂದು ಕ್ಷಣ ಅನುಮಾನ ಆಗುತ್ತೆ. ಆರ್‌ಸಿಬಿಯ ಅಭಿಮಾನಿಗಳು ವರ್ಷಗಟ್ಟಲೆ ಕೂಗಿಕೊಂಡು ಬಂದ ಘೋಷಣೆ ನಿಮಗೆ ಗೊತ್ತು, ‘ಈ ಸಲ ಕಪ್ ನಮ್ದೇ’. ನಮ್ದೇ ಸರಿ, ಯಾರದು?

ಇನ್ನೊಂದು ಪದವನ್ನೂ ಇಲ್ಲೇ ನೋಡಿಬಿಡೋಣ. ಆಟದ ಮಾತಿಗೆ ತಮಿಳಿನಲ್ಲಿ ‘ವರ್ಣನೈ’ ಅಂತಾರೆ. ಕನ್ನಡದ ಪತ್ರಿಕೆಗಳು ‘ವೀಕ್ಷಕ ವಿವರಣೆ’ ಅಂತ ಬರೆಯುತ್ತವೆ. ವರ್ಣನೆ ಅಂದರೆ ಬಣ್ಣ ಕಟ್ಟೋದು, ಕವಿಗಳು ಸೂರ್ಯೋದಯಕ್ಕೆ ಮಾಡೋ ಕೆಲಸ. ವಿವರಣೆ ಅಂದರೆ ಬಿಡಿಸಿ ಹೇಳೋದು, ಮೇಷ್ಟ್ರ ಕೆಲಸ. ಹೆಸರಿನ ಪ್ರಕಾರ ತಮಿಳಿನೋರು ಬಣ್ಣ ಹಾಕಬೇಕು, ಕನ್ನಡದೋರು ಪಾಠ ಹೇಳಬೇಕು. ಕೇಳಿದರೆ ಎರಡು ಕಡೆಯೂ ಬಣ್ಣವೇ ಜಾಸ್ತಿ. ಸ್ಪಿನ್ನರ್ ಯಾಕೆ ನಿಧಾನ ಹಾಕಿದ, ಫೀಲ್ಡರನ್ನ ಯಾಕೆ ಅಲ್ಲಿಂದ ಇಲ್ಲಿಗೆ ತಂದರು ಅನ್ನೋದನ್ನ ಹಳೇ ಆಟಗಾರರು ಹೇಳಿದಾಗ ಮಾತ್ರ ಕೇಳುವಂತಿರುತ್ತೆ. ಶ್ರೀಕಾಂತ್, ಬದ್ರಿನಾಥ್ ತಮಿಳಿನಲ್ಲಿ ಕೂತಾಗ ಆ ಲಾಭ ಇದೆ. ಬದ್ರಿನಾಥ್ ಸ್ವತಃ ಚೆನ್ನೈ ತಂಡಕ್ಕೆ ಆಡಿದವರು. ಅವರ ಬಾಯಲ್ಲಿ ‘ನಮ್ಮ’ ಬಂದರೆ ಅದು ಸಂಪಾದಿಸಿದ ಹಕ್ಕು, ನಾನು ಆಕ್ಷೇಪ ಮಾಡೋನಲ್ಲ.

ಆದರೆ ಆ ‘ನಮ್ಮ’ ಯಾರ ಮೇಲೆ ಬೀಳುತ್ತೆ ನೋಡಿ. ಬೆರಳೆತ್ತಿಸಿದ ಎನ್‌ಗಿಡಿ ದಕ್ಷಿಣ ಆಫ್ರಿಕಾದವನು. ಔಟಾದ ಬ್ರೆವಿಸ್ಸೂ ದಕ್ಷಿಣ ಆಫ್ರಿಕಾದವನು. ಅವರಿಬ್ಬರದು ಒಂದೇ ದೇಶ, ಜಗಳ ಆಡಿದ್ದು ಪಲ್ಲಡಂ ಹತ್ತಿರದ ಒಂದು ಮನೆಯಲ್ಲಿ ಮಾಮ ಮತ್ತು ಅಳಿಯ. ಇದೇ ಎನ್‌ಗಿಡಿ 2018ರಲ್ಲಿ ಕಪ್ ಗೆದ್ದ ಚೆನ್ನೈ ತಂಡದಲ್ಲಿದ್ದ. ಫಾಫ್ ಹತ್ತಿರ ಹತ್ತಿರ ಹತ್ತು ವರ್ಷ ಚೆನ್ನೈನವನಾಗಿದ್ದು 2022ರಲ್ಲಿ ಬೆಂಗಳೂರಿನ ನಾಯಕನಾದ. ಹರಾಜಿನ ಮರುದಿನದಿಂದ ‘ನಮ್ಮ ಫಾಫ್’ ಒಂದು ಕೋಣೆಯಿಂದ ಇನ್ನೊಂದು ಕೋಣೆಗೆ ದಾಟಿದ. ಕಬಡ್ಡಿ ನೋಡುವವರಿಗೆ ಪವನ್ ಸೆಹ್ರಾವತ್ ಗೊತ್ತು. 2019ರ ಜನವರಿಯಲ್ಲಿ ಫೈನಲ್ಲಿನಲ್ಲಿ 22 ಪಾಯಿಂಟ್ ತಂದು ಬೆಂಗಳೂರು ಬುಲ್ಸ್‌ಗೆ ಕಪ್ ಗೆದ್ದುಕೊಟ್ಟವನು. 2022ರಲ್ಲಿ 2 ಕೋಟಿ 26 ಲಕ್ಷಕ್ಕೆ ತಮಿಳ್ ತಲೈವಾಸ್ ಕೊಂಡರು. ಮೊದಲನೇ ಪಂದ್ಯದಲ್ಲೇ ಮಂಡಿ ಏಟಾಗಿ ಕೂತುಬಿಟ್ಟ, ಪಾಪ. ಅವನು ದೆಹಲಿ ಕಡೆಯವನು. ‘ನಮ್ಮ ಪವನ್’ ಆಗೋಕೆ ಅವನು ಕನ್ನಡವನ್ನೂ ಕಲಿಯಬೇಕಾಗಿರಲಿಲ್ಲ, ತಮಿಳನ್ನೂ ಕಲಿಯಬೇಕಾಗಿರಲಿಲ್ಲ.

ಇದು ಒಬ್ಬೊಬ್ಬ ಮಾತುಗಾರನ ಚಪಲ ಅಲ್ಲ, ವ್ಯಾಪಾರದ ಲೆಕ್ಕ. 2018ರಲ್ಲಿ ಐಪಿಎಲ್ಲನ್ನ ಆರು ಭಾಷೆಯಲ್ಲಿ ತೋರಿಸಲು ಶುರು ಮಾಡಿದರು, ಕನ್ನಡವೂ ತಮಿಳೂ ಅದರಲ್ಲಿದ್ದವು. 2023ರ ಹೊತ್ತಿಗೆ ಫೋನಿನಲ್ಲಿ ಹನ್ನೆರಡು ಆಯಿತು. ಭಾಷೆ ಆರಿಸಿಕೊಂಡವನು ತಂಡವನ್ನೂ ಆರಿಸಿಕೊಂಡಿದ್ದಾನೆ ಅಂತ ಅವರು ಹಿಡಿದಿದ್ದಾರೆ. ಕೇಳುವವರೂ ಅದನ್ನೇ ಬೇಡುತ್ತೇವೆ ಅನ್ನೋದು ನಿಜ. 2016ರ ಮಾರ್ಚಿನಲ್ಲಿ ಬೆಂಗಳೂರಿನಲ್ಲಿ ಭಾರತ ಬಾಂಗ್ಲಾದೇಶವನ್ನ 1 ರನ್ನಿನಿಂದ ಸೋಲಿಸಿತಲ್ಲ, ಅದಾದ ಮೇಲೆ ಅಮಿತಾಭ್ ಬಚ್ಚನ್ ಒಂದು ಆಕ್ಷೇಪ ಎತ್ತಿದರು: ಭಾರತದ ಮಾತುಗಾರ ಎದುರಾಳಿಗಳ ಬಗ್ಗೆಯೇ ಮಾತಾಡುತ್ತಿರದೆ ನಮ್ಮ ಆಟಗಾರರ ಬಗ್ಗೆ ಹೆಚ್ಚು ಮಾತಾಡಬೇಕು ಅಂತ. ಧೋನಿ ತಾನೂ ಇದಕ್ಕೆ ಸೇರಿಸೋದು ಏನೂ ಇಲ್ಲ ಅಂದರು. ಕೆಲವೇ ದಿನದಲ್ಲಿ ಐಪಿಎಲ್ ಶುರುವಾಗುವ ಹೊತ್ತಿಗೆ ಹರ್ಷ ಭೋಗ್ಲೆ ಅವರನ್ನ ಕೈಬಿಟ್ಟರು. ಯಾಕೆ ಅಂತ ಮಂಡಳಿ ಬಾಯಿಬಿಟ್ಟು ಹೇಳಲಿಲ್ಲ. ಅದಕ್ಕೂ ಮೊದಲು, 2013ರಲ್ಲಿ, ಆಸ್ಟ್ರೇಲಿಯಾದ ಇಯಾನ್ ಚಾಪೆಲ್ ಭಾರತದಲ್ಲಿ ವಿವರಣೆಗೆ ಬರೋದನ್ನೇ ಬಿಟ್ಟರು. ತಂಡದ ಆಯ್ಕೆ, ಮಂಡಳಿಯ ಆಡಳಿತ, ತೀರ್ಪು ಮರುಪರಿಶೀಲನೆ, ಇವುಗಳ ಬಗ್ಗೆ ಮಾತಾಡಬಾರದು ಅನ್ನೋ ಕಟ್ಟು ಅವರಿಗೆ ಹಿಡಿಸಲಿಲ್ಲ. ಎರಡನ್ನೂ ಪಕ್ಕಪಕ್ಕ ಇಟ್ಟು ನೋಡಿದರೆ, ‘ನಮ್ಮ’ ಅಂತ ಕೂಗಿದವನಿಗೆ ಯಾವತ್ತೂ ತೊಂದರೆ ಆದಂತೆ ಕಾಣಲಿಲ್ಲ.

ನಮ್ಮ ಕಡೆ ಊರ ಕಬಡ್ಡಿಯಲ್ಲಿ ಮೈಕ್ ಹಿಡಿಯುವ ಅಣ್ಣಂದಿರನ್ನ ನೆನೆಸಿಕೊಳ್ಳಿ. ಲೈಟ್ ಹಾಕಿ ರಾತ್ರಿಯೆಲ್ಲ ಆಟ. ಮೈಕ್ ಅಣ್ಣ ಊರಿನವನೇ. ಅವನು ಯಾರ ಕಡೆ ಅಂತ ಪಕ್ಕದೂರಿನ ಕೂಸಿಗೂ ಗೊತ್ತು. ತನ್ನ ಊರಿನವನು ರೈಡಿಗೆ ಹೋದರೆ ‘ಸಿಂಗ’ ಅಂತಾನೆ, ‘ಪುಲಿ’ ಅಂತಾನೆ, ಅವನ ಅಪ್ಪ ಕೊಟ್ಟ ಐನೂರು ರೂಪಾಯಿ ಚಂದಾ ಮೂರು ಸಲ ಓದುತ್ತಾನೆ. ಎದುರು ಊರಿನವನು ಹೋದರೆ ನೀರು ಕುಡಿಯುತ್ತಾನೆ. ಆದರೆ ಪಾಯಿಂಟ್ ಹೇಳುವಾಗ ಸರಿಯಾಗಿ ಹೇಳುತ್ತಾನೆ. ತಪ್ಪಿದರೆ ಗೆರೆ ಪಕ್ಕದಲ್ಲೇ ಕೂತ ಎದುರು ಊರಿನವರು ಎದ್ದು ಬರುತ್ತಾರೆ, ಅವನು ಮೈಕಿನಲ್ಲೇ ‘ಮನ್ನಿಚಿಕ್ಕೊಂಗ’ ಅಂತ ತಿದ್ದಿಕೊಳ್ಳುತ್ತಾನೆ. ಎದುರು ಪಕ್ಷ ಕೈಗೆ ಸಿಗುವಷ್ಟು ದೂರದಲ್ಲಿ ಕೂತಿರುತ್ತೆ ಅನ್ನೋದೇ ಅವನಿಗೆ ಲಗಾಮು.

ಟಿವಿಯವರಿಗೆ ಆ ಲಗಾಮು ಇಲ್ಲ. ತಮಿಳು ಕೋಣೆಯವರಿಗೆ ಎದುರು ಪಕ್ಷ ಕೇಳುತ್ತಿದೆ ಅನ್ನೋ ಕಲ್ಪನೆಯೇ ಇರೋ ಹಾಗೆ ಕಾಣೋದಿಲ್ಲ, ಕನ್ನಡ ಕೋಣೆಯವರಿಗೂ ಅಷ್ಟೇ. ನನ್ನ ನಿಜವಾದ ಆಕ್ಷೇಪ ಇದು. ಕೂಗಿದ್ದಕ್ಕಲ್ಲ, ಸುಮ್ಮನಾದದ್ದಕ್ಕೆ. ಅವತ್ತು ರೊಮಾರಿಯೋ ಶೆಫರ್ಡ್ 14 ಚೆಂಡಿಗೆ 53 ಹೊಡೆದ. ಅಂಥ ಹೊಡೆತ ಯಾರು ಹೊಡೆದರೂ ಧ್ವನಿ ಏರಬೇಕು. ನನ್ನ ಕಿವಿಗೆ ತಮಿಳಿನಲ್ಲಿ ಅದು ಬೌಲರನ ತಪ್ಪಿನ ಕತೆಯಾಗಿ ಕೇಳಿತು. ಅದೇ ರಾತ್ರಿ ಹದಿನೇಳು ವರ್ಷದ ಮ್ಹಾತ್ರೆ 48 ಚೆಂಡಿಗೆ 94 ಹೊಡೆದಾಗ ಕನ್ನಡದಲ್ಲೂ ಅದೇ ಮೆಚ್ಚದ ಮೌನ. ನನ್ನ ಕಿವಿಯ ಮೇಲೆ ಈಗ ನನಗೆ ಪೂರ್ತಿ ನಂಬಿಕೆ ಇಲ್ಲ, ಹಾಗಾಗಿ ಈ ಸಲ ನಾನೇ ಫೋನ್ ತೆಗೆದು ಮತ್ತೆ ಕೇಳಿದೆ. ಮೌನ ಅಂದದ್ದು ಜಾಸ್ತಿಯಾಯಿತು. ಹೊಗಳಿಕೆ ಎರಡು ಕಡೆಯೂ ಇದೆ, ಆದರೆ ಸಾಲದ ಕಂತು ಕಟ್ಟಿದ ಹಾಗೆ ಇದೆ.

ಟೀ ಅಂಗಡಿಯಲ್ಲಿ ನನ್ನನ್ನ ಎಷ್ಟೋ ಸಲ ಕೇಳಿದ್ದಾರೆ, “ನೀವು ಮನೇಲಿ ಕನ್ನಡ ತಾನೆ, ಹಾಗಾದ್ರೆ ಆರ್‌ಸಿಬಿ ತಾನೆ?” ಅಂತ. ನಗುತ್ತಾ ಕೇಳೋದೇ. ನಾನು ಆರ್‌ಸಿಬಿಯೇ, ಆದರೆ ಆ ‘ಹಾಗಾದ್ರೆ’ ನನಗೆ ಹಿಡಿಸೋದಿಲ್ಲ. ನನ್ನ ಅಕ್ಕನ ಮಗ ಅದೇ ಕನ್ನಡದವನು, ಚೆನ್ನೈ. ಹಲಸೂರಿನಲ್ಲಿ ತಲೆಮಾರುಗಳಿಂದ ಇರುವ ತಮಿಳು ಮನೆಗಳ ಹುಡುಗರು ಕೆಂಪು ಅಂಗಿ ಹಾಕಿ ಚಿನ್ನಸ್ವಾಮಿಗೆ ಹೋಗುತ್ತಾರೆ. 2025ರ ಜೂನ್ 3ರಂದು ಬೆಂಗಳೂರು ಕೊನೆಗೂ ಕಪ್ ಗೆದ್ದಿತು. ಮಾರನೇ ದಿನ ಆ ಮೈದಾನದ ಬಾಗಿಲಲ್ಲಿ ನೂಕುನುಗ್ಗಲಿಗೆ ಸಿಕ್ಕಿ 11 ಜನ ಸತ್ತರು. ಎಲ್ಲರೂ ಕರ್ನಾಟಕದವರಲ್ಲ, ತಮಿಳುನಾಡಿನ ಜೀವವೂ ಅದರಲ್ಲಿತ್ತು. ಭಾಷೆ ನೋಡಿ ತಂಡ ಹಂಚುವ ಆ ಲೆಕ್ಕದಲ್ಲಿ ಇಂಥವರಿಗೆ ಯಾವ ಕೋಣೆ ಅಂತ ನನಗೆ ತಿಳಿಯಲಿಲ್ಲ. ಅವತ್ತು ಟಿವಿ ನೋಡೋಕೆ ಆಗಲಿಲ್ಲ, ಯಾವ ಭಾಷೆಯಲ್ಲೂ.

ಈಗ ನಾನು ಏನು ಮಾಡುತ್ತೇನೆ ಅಂದರೆ, ಆರ್‌ಸಿಬಿ ಆಡುವಾಗ ತಮಿಳು ಹಾಕಿಕೊಳ್ಳುತ್ತೇನೆ. ಅಕ್ಕನ ಮಗನಿಗೆ ಚೆನ್ನೈ ಆಡುವಾಗ ಕನ್ನಡ ಕೇಳು ಅಂದಿದ್ದೇನೆ. ಅವನು ಒಂದು ಪಂದ್ಯ ಕೇಳಿ, ನಾಲ್ಕನೇ ಓವರಿಗೆ “ಆಗಲ್ಲ ಮಾಮ” ಅಂದ. ನನಗೂ ಸುಲಭ ಇಲ್ಲ. ಕೊಹ್ಲಿ ಔಟಾದಾಗ ಎದುರಿನವರ ಕುಣಿತ ಕೇಳಿಕೊಂಡು ಕೂರೋದಕ್ಕೆ ವಯಸ್ಸಾಗಿರಬೇಕು.

ಇನ್ನೊಂದು ದಾರಿ ಇದೆ ಅಂತ ತೋರಿಸಿದ್ದು ನಮ್ಮ ಬೀದಿಯ ಪವರ್‌ಲೂಮ್ ಶೆಡ್ಡಿನಲ್ಲಿ ಕೆಲಸ ಮಾಡೋ ಬಿಹಾರದ ಹುಡುಗರು. ಆ ಹನ್ನೆರಡು ಭಾಷೆಯಲ್ಲಿ ಭೋಜ್‌ಪುರಿಯೂ ಒಂದು. ಭೋಜ್‌ಪುರಿಗೆ ಅಂತ ಐಪಿಎಲ್ಲಿನಲ್ಲಿ ತಂಡ ಇಲ್ಲ. ರಾತ್ರಿ ಪಾಳಿಯ ಮಧ್ಯೆ ಹೊರಗೆ ಕಲ್ಲಿನ ಮೇಲೆ ಕೂತು ಒಂದೇ ಫೋನಿಗೆ ನಾಲ್ಕು ತಲೆ ಬಗ್ಗಿಸಿರುತ್ತಾರೆ. ಒಳಗೆ ಮಗ್ಗದ ಸದ್ದು, ಹೊರಗೆ ಭೋಜ್‌ಪುರಿ. ನನಗೆ ಒಂದು ಮಾತೂ ಅರ್ಥವಾಗೋದಿಲ್ಲ. ಒಂದು ದಿನ ಹಾಲು ತರೋಕೆ ಹೋದವನು ನಿಂತು ನೋಡಿದೆ. ಸಿಕ್ಸರ್ ಬಿದ್ದರೆ ಆ ಧ್ವನಿ ಕುಣಿಯುತ್ತೆ, ವಿಕೆಟ್ ಬಿದ್ದರೂ ಕುಣಿಯುತ್ತೆ. ಹುಡುಗರು ಎರಡಕ್ಕೂ ನಗುತ್ತಾರೆ. “ನೀನು ಯಾರ ಕಡೆ?” ಅಂತ ಒಬ್ಬನನ್ನ ತಮಿಳಿನಲ್ಲಿ ಕೇಳಿದೆ. ಅವನು ಫೋನಿನಿಂದ ತಲೆ ಎತ್ತದೆ, ನಮ್ಮೂರಲ್ಲಿ ಕಲಿತ ಮುರುಕು ತಮಿಳಿನಲ್ಲಿ, “ಈಗ ಬ್ಯಾಟಿಂಗ್ ಯಾರೋ ಅವರ ಕಡೆ ಅಣ್ಣ” ಅಂದ.